ಬಿಳಿ ಮಣ್ಣು ಬೆಂದ ಗೂಡು

"ಬಿಡ್ರೀ ನನ್ನ ಕೈ!"

ಬಿಂದುಶ್ರೀ ಕಿರುಚಿದಳು. ಅವನು ಬಿಡಲಿಲ್ಲ. ಮಣಿಕಟ್ಟು ಹಿಡಿದು ದರದರನೆ ಎಳೆದುಕೊಂಡು ಹೋಗಿ, ಇಟ್ಟಿಗೆ ಗೂಡಿನ ಮೇಲಿನಿಂದ ಕೆಳಗಿಳಿಸಿ ನಿಲ್ಲಿಸಿದ ಮೇಲೆಯೇ ಬಿಟ್ಟದ್ದು.

"ಹೆಣ್ಣುಮಕ್ಕಳನ್ನ ಹೀಗೆ ಎಳೆಯೋಕೆ ನಾಚಿಕೆ ಆಗಲ್ವಾ ನಿಮಗೆ?"

ಅವನು ಪಕ್ಕದಲ್ಲಿದ್ದ ಬಿದಿರು ಗಳವನ್ನೆತ್ತಿ, ಅವಳು ಇದೀಗ ಕಾಲಿಡಲಿದ್ದ ಜಾಗಕ್ಕೆ ಚುಚ್ಚಿದ. ಮೇಲಿನ ಮಣ್ಣಿನ ಹೊದಿಕೆ ಹಪ್ಪಳದಂತೆ ಮುರಿದು ಒಳಗೆ ಬಿತ್ತು. ಒಳಗೆ... ಕೆಂಪಗೆ ಉರಿಯುವ ಬಾವಿ! ಗಳದ ತುದಿ ಭಗ್ಗನೆ ಹೊತ್ತಿಕೊಂಡಿತು.

ಬಿಂದುಶ್ರೀ ಎರಡು ಹೆಜ್ಜೆ ಹಿಂದೆ ಸರಿದಳು.

"ನಾಕು ದಿನದಿಂದ ಬೇಯ್ತಾ ಅದ ಮೇಡಮ್. ಮೇಲ್ಗಡೆ ತಣ್ಣಗಿರಂಗೆ ಕಾಣ್ತದ, ಅಷ್ಟೇಯ. ಯೋಳೋಕೆ ಟೈಮಿರ್ನಿಲ್ಲ, ಎಳ್ದುಬುಟ್ಟೆ. ತಪ್ಪು ತಿಳ್ಕಬ್ಯಾಡಿ."

ಅವನ ಹೆಸರು ಶಾಂತರಾಜು. ಗುಂಡ್ಲುಪೇಟೆಯಿಂದ ತೆರಕಣಾಂಬಿಗೆ ಹೋಗುವ ರಸ್ತೆಯ ಪಕ್ಕ, ಚೆಂಡು ಹೂವಿನ ಹೊಲಗಳ ನಡುವೆ ಇದ್ದ ಆ ಗೂಡು ಅವನ ತಾತ ಕಟ್ಟಿದ್ದು. ಮೂವತ್ಮೂರರ ವಯಸ್ಸು, ಇಟ್ಟಿಗೆ ಧೂಳು ಕುಳಿತ ರೆಪ್ಪೆಗಳು, ಬೆಂಕಿ ನೋಡಿ ನೋಡಿ ಸದಾ ಕಿರಿದಾಗಿಯೇ ಇರುವ ಕಣ್ಣುಗಳು.

ಥ್ಯಾಂಕ್ಸ್ ಹೇಳಬೇಕು... ನನ್ನ ಜೀವ ಉಳಿಸಿದ... ಎಂದು ಮನಸ್ಸು ಹೇಳುತ್ತಿದ್ದರೂ ಬಿಂದುಶ್ರೀ ವಿಸಿಟಿಂಗ್ ಕಾರ್ಡ್ ಮಾತ್ರ ತೆಗೆದು ಕೊಟ್ಟಳು.

ಅವನು ನಿಧಾನವಾಗಿ ಓದಿದ. "ತ್ರಿಶೃಂಗ ಸಿಮೆಂಟ್ಸ್, ಚಾಮರಾಜನಗರ. ಸುಸ್ಥಿರತೆ ವಿಭಾಗದ ಮುಖ್ಯಸ್ಥೆ... ಹಂಗಂದ್ರೆ?"

"ಸಿಮೆಂಟ್ ಮಾಡುವಾಗ ಹೊಗೆ ಕಮ್ಮಿ ಮಾಡೋ ಕೆಲಸ."

ಅವನ ಮುಖ ಬಿಗಿದುಕೊಂಡಿತು. "ಓ... ಗೂಡು ಮುಚ್ಸೋಕ್ ಬಂದಿದ್ದೀರಿ."

"ಇಲ್ಲ. ಗೂಡಿಗೆ ಕೆಲಸ ಕೊಡೋಕೆ ಬಂದಿದ್ದೀನಿ!"

ಗೂಡಿನ ಬಾಯಿಯ ಹತ್ತಿರ ಕೂತಿದ್ದ ಬೆಂಕಿ ಕೆಲಸದ ಮಾದಣ್ಣ ಎದ್ದು ಬಂದ. ಇಬ್ಬರೂ ಅವಳನ್ನು ವಿಚಿತ್ರವಾಗಿ ನೋಡಿದರು.

ಅವಳು ವಿವರಿಸಿದಳು. ಸಿಮೆಂಟಿನ ಜೀವಾಳ ಕ್ಲಿಂಕರ್. ಸುಣ್ಣದ ಕಲ್ಲನ್ನು ಸಾವಿರದ ನಾನೂರು ಡಿಗ್ರಿ ದಾಟಿಸಿ ಕಾಯಿಸಿದರೆ ಸಿಗುವ ಬೂದು ಗುಂಡುಗಳು. ಕಲ್ಲಿದ್ದಲಿನ ಹೊಗೆ ಒಂದು ಕಡೆ; ಕಾದ ಕಲ್ಲು ತಾನೇ ಒಡಲಿನಿಂದ ಬಿಡುವ ಇಂಗಾಲದ ಅನಿಲ ಇನ್ನೊಂದು ಕಡೆ. ಆ ಕ್ಲಿಂಕರಿನಲ್ಲಿ ಅರ್ಧ ಕಡಿಮೆ ಮಾಡಿ, ಅದರ ಜಾಗಕ್ಕೆ ಹದವಾಗಿ ಸುಟ್ಟ ಬಿಳಿ ಜೇಡಿಮಣ್ಣು ಮತ್ತು ಸುಡದ ಸುಣ್ಣದ ಕಲ್ಲಿನ ಪುಡಿ ಬೆರೆಸಿದರೆ, ಮನೆ ಅಷ್ಟೇ ಗಟ್ಟಿ ನಿಲ್ಲುತ್ತದೆ, ಗಾಳಿಗೆ ಹೋಗುವುದು ಎಷ್ಟೋ ಕಡಿಮೆ.

"ಬಿಳಿ ಮಣ್ಣನ್ನ ಎಂಟುನೂರು ಡಿಗ್ರಿ ಆಸುಪಾಸಲ್ಲಿ ಸುಡಬೇಕು. ನಮ್ಮ ಫ್ಯಾಕ್ಟರಿಯಲ್ಲಿ ಅದಕ್ಕೆ ಗೂಡಿಲ್ಲ. ಕೇಳಿದೆ, ಕೊಡಲಿಲ್ಲ. ಇಟ್ಟಿಗೆ ಸುಡೋ ಶಾಖಾನೇ ಅದಕ್ಕೆ ಸಾಕು, ಅದಕ್ಕೇ..."

"ಅದ್ಕ ನಮ್ ಅತ್ರ ಬಂದ್ರಿ." ಶಾಂತರಾಜು ಮೊದಲ ಬಾರಿಗೆ ನಕ್ಕ. "ಅಷ್ಟು ದೊಡ್ಡ ಫ್ಯಾಕ್ಟ್ರಿ! ನಿಮ್ ಡಿಪಾರ್ಟ್‌ಮೆಂಟಲ್ಲಿ ಎಷ್ಟು ಜನ ಮೇಡಮ್?"

ಬಿಂದುಶ್ರೀ ತಲೆ ತಗ್ಗಿಸಿದಳು.

"ನಾನೊಬ್ಬಳೇ."

* * *

ಅದು ನಿಜ. ಕಾರ್ಡಿನಲ್ಲಿ ಮುಖ್ಯಸ್ಥೆ. ಆಫೀಸಿನಲ್ಲಿ ಒಂದು ಮೇಜು, ಒಂದು ಬೀರು, ಮತ್ತು ಒಂದು ಕಿಟಕಿ. ಆ ಕಿಟಕಿಯಾಚೆ ದಿನವಿಡೀ ಕ್ಲಿಂಕರ್ ಲಾರಿಗಳ ಸಾಲು. ಅವಳು ಬರೆದ ವರದಿಗಳು ಮುಂಬೈಗೆ ಹೋಗುತ್ತಿದ್ದವು, ಅಲ್ಲಿ ಹೊಳೆಯುವ ಪುಸ್ತಕಗಳಾಗುತ್ತಿದ್ದವು. ಲಾರಿಗಳ ಸಾಲು ಮಾತ್ರ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಆದರೂ ಅವಳು ಈ ಕೆಲಸವನ್ನೇ ಹಿಡಿದಿದ್ದಕ್ಕೆ ಕಾರಣವಿತ್ತು. ಅಪ್ಪ ರಾಚಯ್ಯ ಬಂಡೀಪುರದಲ್ಲಿ ಫಾರೆಸ್ಟ್ ವಾಚರ್. ಹದಿನೈದು ದಿನಕ್ಕೊಮ್ಮೆ ಸಂತೆಮರಹಳ್ಳಿಯ ಮನೆಗೆ ಬಂದಾಗಲೆಲ್ಲ ಒಂದೇ ಮಾತು: "ಈ ವರ್ಸ ಕೆರೆಗಳು ಇನ್ನೂ ಬೇಗ ಬತ್ತೋದೋ ಕಣಮ್ಮಿ. ಆನೆ ಮರಿ ಕೆಸರಲ್ಲಿ ಸೊಂಡ್ಲು ಆಡಿಸ್ತಾ ನಿಂತಿತ್ತು. ನೋಡಕ್ಕಾಗ್ನಿಲ್ಲ."

ಆ ಮರಿ ಬಿಂದುಶ್ರೀಯ ಕಣ್ಣಿನಿಂದ ಹೋಗಲೇ ಇಲ್ಲ.

ಜನವರಿಯಲ್ಲಿ ಮೊದಲ ಸುತ್ತು ಮಣ್ಣು ಸುಟ್ಟರು. ಹಾಳಾಯಿತು. ಎರಡನೆಯದು ಹೆಚ್ಚು ಬೆಂದು ಸತ್ತಿತು. ಫೆಬ್ರವರಿಯಲ್ಲಿ ಸುಟ್ಟ ಮೂರನೆಯದು ಒಳಗಡೆ ಹಸಿಯಾಗಿಯೇ ಉಳಿಯಿತು. ಬಿಂದುಶ್ರೀ ಲ್ಯಾಬ್ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು: 'ಗುಂಡ್ಲುಪೇಟೆ ಗೂಡಿನ ಮಣ್ಣು ಸಮನಾಗಿ ಬೆಂದಿಲ್ಲ. ಬಳಕೆಗೆ ಯೋಗ್ಯವಲ್ಲ.' ಕೆಳಗೆ ಅವಳ ಸಹಿ.

ನಾಲ್ಕನೆಯ ಸುತ್ತಿಗೆ ಶಾಂತರಾಜು ಸೌದೆಯನ್ನೇ ಬಿಟ್ಟ. ಕಡಲೆಕಾಯಿ ಸಿಪ್ಪೆ, ತೆಂಗಿನ ಚಿಪ್ಪು ತಂದು ಸುರಿದ. ಮಣ್ಣನ್ನು ಮುದ್ದೆಯಷ್ಟು ಉಂಡೆ ಕಟ್ಟಿಸಿ, ನಡುನಡುವೆ ಗಾಳಿಯಾಡುವಂತೆ ಜೋಡಿಸಿದ.

"ಮೇಡಮ್, ನಿಮ್ ಮಿಷನ್ ಪಕ್ಕಕ್ಕಿಡಿ. ಒಳೀಕ್ ನೋಡಿ. ಎಂಗದ ಬಣ್ಣ?"

"ಕೆಂಪು."

"ಕೆಂಪು ಅಂದ್ರೆ ಆಯ್ತಾ? ಎಂಥ ಕೆಂಪು?"

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಗೊತ್ತಾಗ್ತಿಲ್ಲ..."

"ತೊಂಡೆಹಣ್ಣಿನ ಕೆಂಪು. ಇದೇಯ ಹದ. ಕಿತ್ತಳೆ ಕಡೀಕ್ ತಿರುಗ್ತೂ ಅಂದ್ರೆ ನಿಮ್ ಮಣ್ಣು ಕೆಟ್ಟೋಯ್ತದ."

ಅವಳು ಗುಟ್ಟಾಗಿ ಉಷ್ಣಮಾಪಕ ಹಿಡಿದು ನೋಡಿದಳು. ಏಳುನೂರ ತೊಂಬತ್ತು!

ಅಯ್ಯೋ... ನಾಲ್ಕು ವರ್ಷ ಓದಿ ಕಲಿತದ್ದನ್ನು ಇವನು ತೊಂಡೆಹಣ್ಣಿನಲ್ಲಿ ಹೇಳಿಬಿಟ್ಟನಲ್ಲ!

ಅವಳು ತಲೆಯೆತ್ತಿದಾಗ ಅವನು ಬೆಂಕಿ ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ಥಟ್ಟನೆ ಮುಖ ತಿರುಗಿಸಿ, "ಮಾದಣ್ಣ, ಸಿಪ್ಪೆ ಹಾಕಣ್ಣೋ!" ಎಂದು ಸುಮ್ಮನೆ ಕೂಗಿದ.

ಮಾದಣ್ಣ ಆಗಷ್ಟೇ ಸಿಪ್ಪೆ ಹಾಕಿ ಮುಗಿಸಿದ್ದ. "ಈಗ ಹಾಕ್ದೆನಲ್ಲಪ್ಪ! ಬೆಂಕಿ ಎಲ್ಲದ, ನೀ ಎಲ್ಲಿದ್ದೀಯ?" ಎಂದು ಮೀಸೆಯಲ್ಲೇ ನಕ್ಕ.

ಬಿಂದುಶ್ರೀಯ ಕೆನ್ನೆ ಬಿಸಿಯಾಯಿತು. ಗೂಡಿನ ಶಾಖಕ್ಕಿರಬೇಕು, ಎಂದುಕೊಂಡಳು.

ಆ ಮಣ್ಣು ಲ್ಯಾಬಿನಲ್ಲಿ ಪಾಸಾಯಿತು, ಮುಂದಿನ ಎರಡು ಸುತ್ತುಗಳೂ ಪಾಸಾದವು. ಆಮೇಲಿನ ತಿಂಗಳುಗಳು ಹೇಗೆ ಕಳೆದವೋ! ಅವಳು ವಾರಕ್ಕೆ ಮೂರು ದಿನ ಬಸ್ಸಿಳಿದು ಬರುತ್ತಿದ್ದಳು. ಅವನು ಗೂಡಿನ ಹಿಂದಿನ ಹುಣಸೆ ಮರದ ಕೆಳಗೆ ಅವಳಿಗಾಗಿ ಒಂದು ಕುರ್ಚಿ ತಂದಿಟ್ಟ. ಕುರ್ಚಿಯ ಒಂದು ಕಾಲು ಕುಂಟು. ಅದರ ಕೆಳಗೆ ಇಟ್ಟಿಗೆ ಚೂರಿಟ್ಟು ದಿನಾ ಒರೆಸಿ ಇಡುತ್ತಿದ್ದ. ಅವಳ ಡಬ್ಬಿಯ ಚಿತ್ರಾನ್ನಕ್ಕೆ ಅವನ ಮನೆಯ ಉಪ್ಪೆಸರು. ಮಾತು ಮಣ್ಣಿನದ್ದೇ, ಬೆಂಕಿಯದ್ದೇ. ಆದರೆ ಬಸ್ಸು ಹತ್ತಿದ ಮೇಲೆ ಅವಳಿಗೆ ನೆನಪಾಗುತ್ತಿದ್ದದ್ದು ಮಣ್ಣಲ್ಲ. ಇಬ್ಬರೂ ಹೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು.

* * *

ಏಪ್ರಿಲ್‌ನಲ್ಲಿ ಫ್ಯಾಕ್ಟರಿಯ ಮುಖ್ಯಸ್ಥ ಸುಧಾಕರ್ ಅವಳನ್ನು ಕರೆಸಿದರು.

"ಒಳ್ಳೆ ಸುದ್ದಿ ಬಿಂದುಶ್ರೀ! ಹೊಸ ಸಿಮೆಂಟಲ್ಲಿ ಒಂದು ಅಂಗನವಾಡಿ ಕಟ್ಟಿಕೊಡೋಕೆ ಮುಂಬೈಯವರು ಒಪ್ಪಿದ್ದಾರೆ. ಚಂದಕವಾಡಿ ಹತ್ತಿರದ ಹಳ್ಳಿ. ಡೈರೆಕ್ಟರ್ ಮೇಡಮ್ ಅವರೇ ಬಂದು ಉದ್ಘಾಟನೆ ಮಾಡ್ತಾರೆ."

ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ಕೆಲಸ ಶುರುವಾಯಿತು, ಗೋಡೆ ಎದ್ದವು, ಮೇ ಮೊದಲ ವಾರದಲ್ಲಿ ಮೋಲ್ಡ್, ಅಂದರೆ ಕಾಂಕ್ರೀಟ್ ಛಾವಣಿ, ಹಾಕಿದರು. ಹೊಸ ಸಿಮೆಂಟ್ ಮೊದಮೊದಲು ನಿಧಾನವಾಗಿ ಬಿಗಿಯುತ್ತದೆ, ಅದಕ್ಕೆ ನೀರೂ ಬೇಕು ತಾಳ್ಮೆಯೂ ಬೇಕು. ಇಪ್ಪತ್ತೊಂದು ದಿನ ಮೋಲ್ಡಿನ ಮೇಲೆ ನೀರು ನಿಲ್ಲಿಸಬೇಕು, ಅಲ್ಲಿಯವರೆಗೆ ಅದನ್ನು ಹೊತ್ತು ನಿಂತ ಹಲಗೆ, ಊರುಗೋಲುಗಳ ಸೆಂಟ್ರಿಂಗ್ ಬಿಚ್ಚಬಾರದು ಎಂದು ಅವಳು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಳು.

ಒಂಬತ್ತನೆಯ ದಿನ ಸುಧಾಕರ್ ಅವಳ ಮೇಜಿನ ಹತ್ತಿರ ಬಂದು ನಿಂತರು. ಮುಖದಲ್ಲಿ ಬೆವರು.

"ಡೈರೆಕ್ಟರ್ ಮೇಡಮ್ ಪ್ರೋಗ್ರಾಮ್ ಅಂದುಕೊಂಡಿದ್ದಕ್ಕಿಂತ ಮುಂಚೆ ಬಂತು. ಇನ್ನು ನಾಲ್ಕೇ ದಿನ. ನಾಳೆ ಸೆಂಟ್ರಿಂಗ್ ಬಿಚ್ಚಿ ಬಣ್ಣ ಹೊಡೀಬೇಕು."

"ಸರ್! ಇಪ್ಪತ್ತೊಂದು ದಿನ ಅಂತ..."

"ಗೊತ್ತಮ್ಮ. ನನ್ನ ಕೈಯಲ್ಲಿ ಏನಿದೆ ಹೇಳು? ತಾರೀಖು ಅಲ್ಲಿ ಫಿಕ್ಸ್ ಆಗಿದೆ."

ಅವಳು ಮುಂಬೈಗೆ ಮೇಲ್ ಬರೆದಳು. 'ದಯವಿಟ್ಟು ಬೇಡ' ಎಂದು ಬರೆದಳು. ಉತ್ತರ ಬರಲಿಲ್ಲ. ಮಾರನೆಯ ಬೆಳಿಗ್ಗೆ ಉದ್ಘಾಟನೆಯ ಪೋಸ್ಟರುಗಳ ಮೀಟಿಂಗಿಗೆಂದು ಅವಳನ್ನು ಮೈಸೂರಿಗೆ ಕಳಿಸಿದರು. ಹೋಗಬಾರದಿತ್ತು... ಚಂದಕವಾಡಿಯ ಬಸ್ಸು ಹತ್ತಬೇಕಿತ್ತು... ಆದರೆ ಮೇಲ್ ಬರೆದಾಗಿದೆ, ಯಾರಾದರೂ ಓದಿಯೇ ಓದುತ್ತಾರೆ, ಎಂದು ಹೋದಳು.

ಮೀಟಿಂಗಿನಲ್ಲಿ ಫೋನು ಸೈಲೆಂಟಾಗಿತ್ತು. ಹೊರಗೆ ಬಂದಾಗ ಶಾಂತರಾಜುವಿನ ಎರಡು ಮಿಸ್ಡ್ ಕಾಲ್. ಆಮೇಲೆ ಫ್ಯಾಕ್ಟರಿಯಿಂದ ಹನ್ನೊಂದು.

ಸೆಂಟ್ರಿಂಗ್ ಬಿಚ್ಚುತ್ತಿದ್ದಾಗ ಜಗಲಿಯ ಮೇಲಿನ ಮೋಲ್ಡ್ ಬಾಗಿ ಬಿದ್ದಿತ್ತು. ಕೆಳಗಿದ್ದವನು ಮಾದಣ್ಣ. ಗೂಡಿನಲ್ಲಿ ಬೆಂಕಿಯಿಲ್ಲದ ದಿನಗಳಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ ಮಾದಣ್ಣ.

* * *

ಅವನ ಬಲಗಾಲು ಮೊಣಕಾಲಿನ ಕೆಳಗೆ ನುಜ್ಜುಗುಜ್ಜಾಗಿತ್ತು. ಕಾಲು ಉಳಿಯಿತು, ಒಳಗೆ ಕಬ್ಬಿಣದ ಸರಳು ಹಾಕಿದರು. ಆದರೆ ಗೂಡಿನ ಬಾಯಿಗೆ ಕುಕ್ಕರುಗಾಲಲ್ಲಿ ಕೂತು ಬೆಂಕಿ ಹಾಕುವುದು ಇನ್ನು ಈ ಜನ್ಮಕ್ಕಿಲ್ಲ.

ಇನ್ನು ಮೂರು ದಿನ ಕಳೆದು ಬಿದ್ದಿದ್ದರೆ ಆ ಜಗಲಿಯಲ್ಲಿ ಮಕ್ಕಳು ಕೂತಿರುತ್ತಿದ್ದರು... ಬಿಂದುಶ್ರೀ ಆ ಯೋಚನೆ ಬಂದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಮುಚ್ಚಿದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಆಸ್ಪತ್ರೆಯ ವಾರ್ಡಿನ ಹೊರಗೆ ಶಾಂತರಾಜು ನಿಂತಿದ್ದ. ಅವನ ಕೈಯಲ್ಲಿ ಒಂದು ಕಾಗದ.

"ಶಾಂತರಾಜು, ನಾನು..."

"ಇದು ನಿಮ್ ಸೈನಾ ಮೇಡಮ್?"

ಕಂಪನಿ ಕೊಟ್ಟ ದೂರಿನ ಪ್ರತಿ ಅದು. ಕಟ್ಟಡ ಬೀಳಲು ಕಾರಣ ಕಳಪೆ ಕಚ್ಚಾವಸ್ತು. ಆಧಾರ, ತಜ್ಞೆಯ ವರದಿ: 'ಗುಂಡ್ಲುಪೇಟೆ ಗೂಡಿನ ಮಣ್ಣು ಸಮನಾಗಿ ಬೆಂದಿಲ್ಲ. ಬಳಕೆಗೆ ಯೋಗ್ಯವಲ್ಲ.' ಕೆಳಗೆ ಅವಳದೇ ಸಹಿ. ತಾರೀಖಿನ ಸಾಲು ಮಾತ್ರ ಇರಲಿಲ್ಲ.

ಅವಳು ಕಾಗದದ ಮೇಲೆ ಬೆರಳಿಟ್ಟಳು. "ಇದು ಮೂರನೇ ಸುತ್ತಿನದ್ದು! ಫೆಬ್ರವರಿಯದ್ದು! ಆ ಮಣ್ಣನ್ನ ನಾವು ಎಸೆದೇ ಬಿಟ್ವಲ್ಲ... ನಿಮಗೇ ಗೊತ್ತು..."

"ಸೈನು ನಿಮ್ದಾ ಅಲ್ವಾ, ಅಷ್ಟು ಯೋಳಿ."

"...ನಂದೇ."

"ಆವತ್ತು ಮಾದಣ್ಣ ನಂಗ ಫೋನ್ ಮಾಡ್ದ. 'ಇವತ್ತು ಸೆಂಟ್ರಿಂಗ್ ಬಿಚ್ಚಿ ಅಂತಾವ್ರ, ಮೇಡಮ್ ಒಪ್ಪವ್ರಾ ಕೇಳು' ಅಂದ. ಎರಡು ಸಲ ಮಾಡ್ದೆ ನಿಮ್ಗ. ಎತ್ನಿಲ್ಲ ನೀವು. 'ಮೇಡಮ್‌ಗ ಗೊತ್ತಿಲ್ದೆ ಬಿಚ್ಚಿಸ್ತಾರಾ, ನೀ ಮಾಡು ಹೋಗು' ಅಂದ್ಬುಟ್ಟೆ ನಾನೇಯ." ಅವನು ವಾರ್ಡಿನ ಬಾಗಿಲ ಕಡೆ ಕೈ ತೋರಿಸಿದ. "ನಿಮ್ ಮ್ಯಾಲ ನಂಬ್ಕಿ ಇಟ್ಟು ಕಳಿಸ್ಬುಟ್ಟೆ ಅವ್ನ!"

"ನಾನು ಬೇಡ ಅಂತ ಬರೆದಿದ್ದೆ... ಮೇಲ್ ಕಳಿಸಿದ್ದೆ..."

"ಬರೆದ್ರಂತೆ." ಅವನು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. "ನೀವು ಬರೆದ್ದು ಇದೊಂದೇ ಕಣ್ರೀ ನನ್ ಕೈಗ್ ಸಿಕ್ಕಿದ್ದು."

ಹೋಗಿಬಿಟ್ಟ. ಎರಡು ದಿನದಲ್ಲಿ, ವಿಚಾರಣೆ ಮುಗಿಯುವವರೆಗೆ ಎಂದು ಅವನ ಗೂಡಿಗೆ ಸೀಲು ಬಿತ್ತು.

ಬಿಂದುಶ್ರೀ ಫೋನ್ ಮಾಡಿದಳು. ನಂಬರ್ ಬ್ಲಾಕ್ ಆಗಿತ್ತು. ಲ್ಯಾಬಿಗೆ ಹೋದಳು. ಬಾಗಿಲು ಅವಳ ಕಾರ್ಡಿಗೆ ತೆರೆಯಲಿಲ್ಲ. ನಾಲ್ಕನೆಯ, ಐದನೆಯ, ಆರನೆಯ ಸುತ್ತಿನ ಒಳ್ಳೆಯ ವರದಿಗಳೆಲ್ಲ ಒಳಗೆ. ಅವಳ ಮೇಲ್ ಐಡಿಯೂ ಬಂದ್ ಆಗಿತ್ತು.

"ಸರ್, ಆ ಸಾಲು ಯಾವುದಕ್ಕೆ ಬರೆದದ್ದು ಅಂತ ನಿಮಗೆ ಗೊತ್ತು. ಒಂದು ಮಾತು ಹೇಳಿ ಸರ್!"

ಸುಧಾಕರ್ ಕಿಟಕಿಯ ಕಡೆ ನೋಡುತ್ತ ಕೂತಿದ್ದರು. "ನನ್ನ ಮಗಳಿಗೆ ಈ ವರ್ಷ ಮದುವೆ ಬಿಂದುಶ್ರೀ. ನೀನೂ ಸುಮ್ಮನಿರು. ನಿನ್ನನ್ನ ಪುಣೆಗೆ ಹಾಕ್ತಾರಂತೆ. ಹೋಗು. ಇಲ್ಲಿ ನಾನೂ ಏನೂ ಅಲ್ಲ, ನೀನೂ ಏನೂ ಅಲ್ಲ."

ಒಂದೇ ಒಂದು ಆಸೆ ಉಳಿದಿತ್ತು. ಅಂಗನವಾಡಿಯ ಒಳಕೋಣೆಯ ಮೇಲಿನ ಮೋಲ್ಡ್ ಬಿದ್ದಿರಲಿಲ್ಲ. ಅದರ ಸೆಂಟ್ರಿಂಗ್ ಬಿಚ್ಚಿರಲೇ ಇಲ್ಲ. ಅದನ್ನು ಕೊರೆದು ಪರೀಕ್ಷೆ ಮಾಡಿದರೆ ಸಾಕು, ಮಣ್ಣು ಸರಿಯಾಗಿತ್ತು ಎಂದು ಆ ಮೋಲ್ಡೇ ಹೇಳುತ್ತದೆ! ಅವಳು ಬೆಳಗಿನ ಮೊದಲ ಬಸ್ಸಿಗೇ ಓಡಿದಳು.

ಅಲ್ಲಿ ಜೆಸಿಬಿ ನಿಂತಿತ್ತು. ಕೋಣೆ ಇರಲಿಲ್ಲ, ಒಡೆದ ಚೂರುಗಳೂ ಇರಲಿಲ್ಲ. ಸಮತಟ್ಟಾದ ನೆಲದ ಮೇಲೆ ಡ್ರೈವರ್ ಟೀ ಕುಡಿಯುತ್ತಿದ್ದ.

"ಅಪಾಯ ಅಂತ ಕೆಡವ್ಸಿದ್ರು ಮೇಡಮ್. ಕೆಡವ್ಸೋಕ್ ಯೋಳಿದ್ದು ಸಿಮೆಂಟ್ ಫ್ಯಾಕ್ಟ್ರಿಯವ್ರೇ." ಅವನು ತಲೆ ಕೆರೆದುಕೊಂಡ. "ಆದ್ರೂ ಯಪ್ಪಾ, ಎಂಥ ಗಟ್ಟಿ ಅಂತೀರಿ! ಒಡೆಯೋಕೆ ಅರ್ಧ ದಿನ ಬೇಕಾಯ್ತು."

ಬಿಂದುಶ್ರೀ ಅಲ್ಲೇ ಕುಸಿದು ಕೂತಳು. ಅಳು ಕೂಡ ಬರಲಿಲ್ಲ. ಇಷ್ಟು ಗಟ್ಟಿಯಿತ್ತು... ಇಷ್ಟು ಗಟ್ಟಿಯಿತ್ತು, ಯಾರಿಗೆ ತೋರಿಸಲಿ?

* * *

ಆ ಭಾನುವಾರ ಅಪ್ಪ ಮನೆಗೆ ಬಂದಿದ್ದರು. ಅಮ್ಮ ಸುಂದ್ರಮ್ಮ ಇಟ್ಟ ತಟ್ಟೆ ಮುಂದಿದ್ದರೂ ಬಿಂದುಶ್ರೀ ಮುಟ್ಟಿರಲಿಲ್ಲ.

"ನಾಳೆ ವಿಚಾರಣೆ ಅಪ್ಪ. ನನ್ನ ಕೈಯಲ್ಲಿ ಒಂದು ಕಾಗದ ಇಲ್ಲ. ಹೋಗಿ ಏನು ಹೇಳ್ಲಿ? ಹೇಳಿದ್ರೆ ಏನಾಗುತ್ತೆ? ಏನೂ ಆಗಲ್ಲ."

ರಾಚಯ್ಯ ಮಗಳ ಪಕ್ಕಕ್ಕೆ ಬಂದು ಕೂತರು.

"ಕಾಡ್ಗ ಬೆಂಕಿ ಬಿದ್ದಾಗ ನಮ್ ಕೈಲಿ ಏನಿರ್ತದ ಗೊತ್ತಾ ಕೂಸು? ಹಸಿ ಸೊಪ್ಪಿನ ಕೊಂಬೆ. ಬೆಂಕಿ ಆಳೆರಡಾಳು ಎತ್ರ. ಇದ್ರಲ್ಲಿ ಆರ್ತದ ಅನ್ಕಂಡು ಬಡಿಯಲ್ಲ ನಾವು. ನಿಂತ್ಕಂಡ್ ನೋಡಕ್ಕಾಗಲ್ಲ, ಅದ್ಕ ಬಡೀತೀವಿ."

ಅಮ್ಮ ತಟ್ಟೆಯನ್ನು ಮಗಳ ಮುಂದಕ್ಕೆ ಸರಿಸಿದಳು. "ಉಣ್ಣು. ಉಂಡು ಓಗು ನಾಳೆ. ಪುಣೆಗಿಣೆ ಆಮ್ಯಾಕೆ."

ಮರುದಿನ ಚಾಮರಾಜನಗರದ ಜಿಲ್ಲಾಧಿಕಾರಿ ಕಚೇರಿಯ ಸಭಾಂಗಣದಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ಒಂದು ಕಡೆ ಕಂಪನಿಯ ವಕೀಲರು, ಸುಧಾಕರ್. ಇನ್ನೊಂದು ಕಡೆ ಶಾಂತರಾಜು, ಮಾದಣ್ಣನ ಹೆಂಡತಿ ಪುಟ್ಟಮಲ್ಲಮ್ಮ. ಬಿಂದುಶ್ರೀ ಒಳಗೆ ಬಂದಾಗ ಶಾಂತರಾಜು ತಲೆಯೆತ್ತಲಿಲ್ಲ.

ವಿಚಾರಣೆಯ ಅಧಿಕಾರಿ ಕೇಳಿದರು, "ಈ ವರದಿ ನಿಮ್ಮದೇನಮ್ಮ?"

"ನನ್ನದೇ ಸರ್. ಆದರೆ ಇದು ಫೆಬ್ರವರಿಯಲ್ಲಿ ಎಸೆದ ಮಣ್ಣಿನದ್ದು. ಅಂಗನವಾಡಿಗೆ ಹೋದ ಮಣ್ಣು ಹದವಾಗಿತ್ತು. ಅಷ್ಟು ಒಳ್ಳೆಯ ಮಣ್ಣನ್ನ ನಾನು ಎಲ್ಲೂ ನೋಡಿಲ್ಲ."

"ಅದಕ್ಕೆ ದಾಖಲೆ?"

"ಇಲ್ಲ ಸರ್. ಎಲ್ಲ ಕಂಪನಿಯ ಹತ್ತಿರ ಇದೆ. ಉಳಿದಿದ್ದ ಮೋಲ್ಡ್ ಕೆಡವಿಸಿದ್ದಾರೆ."

ವಕೀಲರು ಸಣ್ಣಗೆ ನಕ್ಕರು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

"ನನಗೆ ಗೊತ್ತಿರೋದನ್ನ ಹೇಳ್ತೀನಿ. ಇಪ್ಪತ್ತೊಂದು ದಿನ ಇರಬೇಕಾದ ಸೆಂಟ್ರಿಂಗನ್ನ ಹತ್ತನೇ ದಿನ ಬಿಚ್ಚಿಸಿದರು. ಉದ್ಘಾಟನೆಗೋಸ್ಕರ. ನಾನು ಬೇಡ ಅಂತ ಒಂದು ಮೇಲ್ ಬರೆದೆ. ಬರೆದು... ಸುಮ್ಮನಾದೆ. ಅಲ್ಲಿಗೆ ಹೋಗಿ ಆ ಮೋಲ್ಡಿನ ಕೆಳಗೆ ನಾನೇ ನಿಂತಿದ್ದರೆ ಯಾರೂ ಬಿಚ್ಚುತ್ತಿರಲಿಲ್ಲ. ನಿಲ್ಲಲಿಲ್ಲ. ಮಾದಣ್ಣ ನಿಂತರು. ತಪ್ಪು ಮಣ್ಣಿನದ್ದಲ್ಲ ಸರ್, ಸುಟ್ಟವರದ್ದೂ ಅಲ್ಲ. ತಪ್ಪು ನಮ್ಮದು. ಅದರಲ್ಲಿ ನನ್ನ ಪಾಲೂ ಇದೆ. ಬರೆದುಕೊಳ್ಳಿ."

ಪುಟ್ಟಮಲ್ಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸುಧಾಕರ್ ಮೇಜನ್ನೇ ನೋಡುತ್ತಿದ್ದರು. ಅಧಿಕಾರಿ ಅವರ ಕಡೆ ತಿರುಗಿ, "ಹತ್ತನೇ ದಿನ ಬಿಚ್ಚಿಸಿದ್ದು ನಿಜವೇ?" ಎಂದು ಕೇಳಿದಾಗ, ವಕೀಲರು ಬಾಯಿ ತೆರೆಯುವ ಮುಂಚೆಯೇ ಸುಧಾಕರ್ ಮೆಲ್ಲಗೆ ತಲೆಯಾಡಿಸಿದರು. ಹೌದು, ಎಂದು.

ಬಿಂದುಶ್ರೀ ಬಾಗಿಲು ದಾಟುವಾಗ ತಿರುಗಿ ನೋಡಿದಳು. ಶಾಂತರಾಜು ಈಗ ತಲೆಯೆತ್ತಿದ್ದ. ಕಿರಿದಾದ ಆ ಕಣ್ಣುಗಳು ತುಂಬಿಕೊಂಡಿದ್ದವು. ಆದರೆ ಅವನು ಏಳಲಿಲ್ಲ. ಅವಳೂ ನಿಲ್ಲಲಿಲ್ಲ.

* * *

ಅಷ್ಟಾದರೂ ಆದದ್ದು ಎಷ್ಟು? ಮಾದಣ್ಣನ ಚಿಕಿತ್ಸೆ, ಮುಂದಿನ ಬದುಕು ಕಂಪನಿಯ ಹೊಣೆ ಎಂದು ಬರೆದರು. ಅದೊಂದೇ. ಗೂಡಿನ ಸೀಲು 'ಪರಿಶೀಲನೆಯಲ್ಲಿದೆ' ಎಂದರು. ಬಿಳಿ ಮಣ್ಣಿನ ಯೋಜನೆಯನ್ನು ಕಂಪನಿ ಕೈಬಿಟ್ಟಿತು. ಬಿಂದುಶ್ರೀಯ ಕೆಲಸ ಹೋಯಿತು. ಮೇಜು ಖಾಲಿ ಮಾಡಿ ಹೊರಗೆ ಬರುವಾಗಲೂ ಗೇಟಿನ ಮುಂದೆ ಕ್ಲಿಂಕರ್ ಲಾರಿಗಳು ಅಷ್ಟೇ ಉದ್ದದ ಸಾಲಿನಲ್ಲಿ ನಿಂತಿದ್ದವು.

ಅವಳು ಪ್ರತಿ ಬುಧವಾರ ಮಾದಣ್ಣನ ಮನೆಗೆ ಹೋಗತೊಡಗಿದಳು. ಅವನ ಅರ್ಜಿಗಳನ್ನು ಬರೆಯುತ್ತಿದ್ದಳು, ಕಾಲಿನ ವ್ಯಾಯಾಮ ಮಾಡಿಸುತ್ತಿದ್ದಳು. ಶಾಂತರಾಜು ಬರುತ್ತಿದ್ದದ್ದು ಮಂಗಳವಾರ. ಬೇಕೆಂದೇ ಇರಬೇಕು.

ಜೂನ್ ಕೊನೆಯ ಬುಧವಾರ. ಸಂತೆಮರಹಳ್ಳಿ ಬಸ್ ಸ್ಟಾಪಿನಲ್ಲಿ ಅವಳು ನಿಂತಿದ್ದಾಗ ಎದುರಿನ ಬಸ್ಸಿನಿಂದ ಒಬ್ಬ ಇಳಿದ. ಇಸ್ತ್ರಿ ಮಾಡಿದ ಬಿಳಿ ಶರ್ಟು. ರೆಪ್ಪೆಯ ಮೇಲೆ ಧೂಳಿಲ್ಲದ ಅವನನ್ನು ಅವಳು ಒಂದು ಕ್ಷಣ ಗುರುತಿಸಲೇ ಇಲ್ಲ.

ಶಾಂತರಾಜು!

ರಸ್ತೆ ದಾಟಿ ಬಂದು ಎದುರು ನಿಂತ. ಗುಂಡ್ಲುಪೇಟೆಗೆ ಹೋಗಬೇಕಾದ ಅವಳ ಬಸ್ಸು ಬಂದು, ನಿಂತು, ಹೊರಟೂ ಹೋಯಿತು.

"ನಿಮ್ ಬಸ್ ಓಯ್ತು," ಎಂದ.

"ಹೋಗಲಿ."

"ಪುಟ್ಟಮಲ್ಲಮ್ಮ ನಿನ್ನೆ ಬೈದ್ರು ನಂಗ. 'ಆ ಹುಡ್ಗಿ ಬುಧವಾರ ಬಂದು ಮಂಗಳವಾರದ ಸುದ್ದಿ ಕೇಳ್ತದ, ನೀ ಮಂಗಳವಾರ ಬಂದು ಬುಧವಾರದ ಸುದ್ದಿ ಕೇಳ್ತಿ, ನಂಗೇನು ಬೇರೆ ಕೆಲ್ಸ ಇಲ್ವಾ' ಅಂತ."

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿದವು.

"ನನ್ನ ಮೇಲೆ ಕೋಪ ಹೋಯ್ತಾ?"

"ಕೋಪ ಆವತ್ತೇ, ಆಫೀಸಲ್ಲೇ ಓಯ್ತು. ಆಮ್ಯಾಕ ಇದ್ದದ್ದು ನಾಚ್ಕೆ. ನಾಕು ತಿಂಗ್ಳು ಒಟ್ಟಿಗಿದ್ದು, ಒಂದು ಕಾಗದ ನೋಡಿ ನಿಮ್ಮನ್ನ ಬುಟ್ಟುಬುಟ್ನಲ್ಲ. ಯಾವ ಮುಖ ಇಟ್ಕಂಡು ಬರ್ಲಿ?"

"ಫೋನ್ ಎತ್ತಬೇಕಿತ್ತು ನಾನು. ದಿನಾ ಅದೇ ಅನ್ಸುತ್ತೆ. ಆ ಎರಡು ಕಾಲ್..."

"ಕಳಿಸ್ಬಾರ್ದಿತ್ತು ನಾನು. ನಂಗೂ ದಿನಾ ಅದೇಯ."

ಈ ಕೊರಗು ಇಬ್ಬರೊಳಗೂ ಇರುತ್ತದೆ, ಯಾವತ್ತೂ ಇರುತ್ತದೆ ಎಂದು ಬಿಂದುಶ್ರೀಗೆ ಅರ್ಥವಾಯಿತು. ಒಬ್ಬಳೇ ಹೊತ್ತುಕೊಂಡು ತಿರುಗುವುದಕ್ಕಿಂತ ಪಕ್ಕದಲ್ಲಿ ಒಬ್ಬರು ಇದ್ದರೆ... ಅಷ್ಟೇ ಸಾಕಲ್ಲವೇ?

ಶಾಂತರಾಜು ಒಂದು ಹೆಜ್ಜೆ ಹತ್ತಿರ ಬಂದ. "ನಂಗ ಈಗ ಗೂಡಿಲ್ಲ. ಸೀಲು ತೆಗೀತಾರೋ ಇಲ್ವೋ ಗೊತ್ತಿಲ್ಲ. ನಿಮ್ಗ ಕೆಲ್ಸ ಇಲ್ಲ. ಎಲ್ಲಾ ಸರಿ ಇದ್ದಾಗ ಕೇಳ್ಬೇಕಿತ್ತು, ಆವಾಗ ಧೈರ್ಯ ಇರ್ನಿಲ್ಲ. ಈಗ ಏನೂ ಇಲ್ಲ, ಅದ್ಕ ಕೇಳ್ತಾ ಇವ್ನಿ..." ಅವನ ಕಿವಿ ಕೆಂಪಾಯಿತು. "ನನ್ನ ಮದ್ವೆ ಆಯ್ತೀರಾ?"

ಬಿಂದುಶ್ರೀಯ ಎದೆ ಒಮ್ಮೆಗೇ ಉಕ್ಕಿತು.

"ಅಪ್ಪ ಭಾನುವಾರ ಬಂಡೀಪುರದಿಂದ ಬರ್ತಾರೆ. ಬಂದು ಕೇಳ್ತೀರಾ?"

"ಕೇಳ್ತೀನಿ. ಅವ್ರು 'ನನ್ ಮಗ್ಳ ಕೇಳ್ಬೇಕು' ಅಂದ್ರೆ? ಆಗ ನೀವೇನ್ ಯೋಳ್ತೀರಿ?"

ಅವಳು ತಲೆ ತಗ್ಗಿಸಿ ಏನೋ ಪಿಸುಗುಟ್ಟಿದಳು. ಅಷ್ಟರಲ್ಲಿ ಚಾಮರಾಜನಗರದ ಬಸ್ಸು ಬಂದು ಹಾರ್ನ್ ಹೊಡೆಯಿತು.

"ಏನಂದ್ರಿ? ಬಸ್ ಸದ್ದಲ್ಲಿ ಕೇಳಿಸ್ನಿಲ್ಲ."

"ಹೂಂ ಅಂದೆ!"

"ಇನ್ನೊಂದ್ಸಲ ಯೋಳಿ. ಜೋರಾಗಿ."

"ಹೂಂ ಅಂತೀನಿ ಕಣೋ, ಹೂಂ!"

ಬಸ್ ಸ್ಟಾಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅವನು ಮಾತ್ರ ಯಾರ ಕಡೆಯೂ ನೋಡದೆ, ಮುಖ ತುಂಬ ನಗುತ್ತ ಹೇಳಿದ:

"ಈಗ ಕೇಳಿಸ್ತು ಕಣಮ್ಮಿ."